ಕಂಪೆನಿ ಅಂಗಳದ ಹುಲ್ಲು

ಮುಂಬಯಿ ಕನ್ನಡಿಗರ ಚರಿತ್ರೆ ಎಂದೊಡನೆ ಹೊಟೇಲು, ರಾತ್ರಿ ಶಾಲೆ, ಯಕ್ಷಗಾನ, ಸಂಘ-ಸಂಸ್ಥೆ ಇವುಗಳ ಮಾತು ಬರುತ್ತದೆ. ಬರಲೇಬೇಕು. ಆದರೆ ಥಾಣೆಯಿಂದಾಚೆ ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಕಾರ್ಖಾನೆ ಅಂಗಳದ ಹುಲ್ಲು ಕತ್ತರಿಸಿ, ಗಿಡಕ್ಕೆ ನೀರು ಹಾಯಿಸಿ ಬದುಕು ಕಟ್ಟಿಕೊಂಡ ನಮ್ಮವರೂ ಒಂದಷ್ಟು ಮಂದಿ ಇದ್ದಾರೆ. ಯಾವ ಸ್ಮರಣ ಸಂಚಿಕೆಯಲ್ಲೂ ಅವರ ಫೋಟೊ ಇಲ್ಲ. ನಾನು ಡೊಂಬಿವಲಿಯಲ್ಲಿ ಸಣ್ಣ ಗುತ್ತಿಗೆದಾರರ ಲೆಕ್ಕಪತ್ರ ಬರೆದುಕೊಟ್ಟು ಜೀವನ ಸಾಗಿಸಿದವನು. ಅವರ ಕೊಟೇಶನ್ನು, ಬಿಲ್ಲು, ಪಿ.ಎಫ್. ಚಲನ್ನುಗಳು ನನ್ನ ಕೈಯಿಂದ ಹಾದುಹೋಗಿವೆ. ಈ ಹುಲ್ಲಿನ ಚರಿತ್ರೆಯನ್ನು ನಾನು ಓದಿದ್ದು ಆ ಕಾಗದಗಳಲ್ಲೇ.

ಮೊದಮೊದಲು ಈ ಕಸುಬಿನಲ್ಲಿ ಗುತ್ತಿಗೆದಾರನಿಗೆ ಜಾಗವೇ ಇರಲಿಲ್ಲ. ಥಾಣೆಯ ರೇಮಂಡ್ ಉಣ್ಣೆ ಗಿರಣಿ 1925ರಷ್ಟು ಹಳೆಯದು. ಕಲ್ಯಾಣದ ಆಚೆ ಶಹಾಡಿನ ಸೆಂಚುರಿ ರೇಯಾನ್, ಮೋಹನೆಯ ಎನ್‌ಆರ್‌ಸಿ, ಇವೆಲ್ಲ ತಮ್ಮದೇ ಕಾಲನಿ, ಬಂಗಲೆ, ಆಟದ ಮೈದಾನ ಇದ್ದ ಕಂಪೆನಿಗಳು. 1962ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಲ್ಲರೂ ಕರೆಯುವ ಎಂಐಡಿಸಿ, ಹುಟ್ಟಿತು. ಅದರ ಮೊದಲ ವಸಾಹತು ಥಾಣೆಯ ವಾಗ್ಳೆ ಎಸ್ಟೇಟ್. ಅದರ ಬೆನ್ನಿಗೇ ಡೊಂಬಿವಲಿ ಬಂತು, ಥಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ರಾಸಾಯನಿಕ ಕಾರ್ಖಾನೆಗಳು ಎದ್ದವು. ದೊಡ್ಡ ಕಂಪೆನಿ ಎಂದರೆ ಗೇಟಿನ ಒಳಗೆ ಒಂದು ಲಾನು, ಬದಿಯಲ್ಲಿ ಬೋಗನ್‌ವಿಲ್ಲಾ, ಮತ್ತು ಮಸ್ಟರಿನಲ್ಲಿ ಹೆಸರಿದ್ದ ನಾಲ್ಕಾರು ಮಾಲಿಗಳು. ಅವರಿಗೂ ಬೋನಸ್ಸು, ಅವರಿಗೂ ಯೂನಿಯನ್ನು.

ಮಾಲಿ ಕಾರ್ಮಿಕನೇ ಅಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು ಎಂದರೆ ಇಂದಿನವರು ನಂಬಲಿಕ್ಕಿಲ್ಲ. ಕಾನ್ಪುರದ ಜೆ.ಕೆ. ಕಾಟನ್ ಮಿಲ್ಲಿನ ಅಧಿಕಾರಿಗಳ ಬಂಗಲೆಗಳಲ್ಲಿ ತೋಟ ನೋಡುತ್ತಿದ್ದ ಮಾಲಿಗಳ ಪ್ರಕರಣ ಅದು. ಬಂಗಲೆಯ ಹೂವಿಗೂ ಮಿಲ್ಲಿನ ಬಟ್ಟೆಗೂ ಏನು ಸಂಬಂಧ ಎಂಬುದು ಕಂಪೆನಿಯ ವಾದ. ಸಂಬಂಧ ಇದೆ, ಮಾಲಿಯೂ ಕಾರ್ಮಿಕನೇ ಎಂದು 1960ರ ದಶಕದಲ್ಲಿ ಕೋರ್ಟು ಹೇಳಿತು. ಪೀಠದಲ್ಲಿದ್ದವರು ಪಿ.ಬಿ. ಗಜೇಂದ್ರಗಡಕರ್, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಗದಗದ ಕಡೆಯ ಊರೊಂದನ್ನು ಹೆಸರಿನಲ್ಲಿಟ್ಟುಕೊಂಡ ನ್ಯಾಯಮೂರ್ತಿ ಮಾಲಿಗಳ ಪರ ನಿಂತದ್ದು ನನಗಂತೂ ಒಂದು ಸಣ್ಣ ಹೆಮ್ಮೆ.

ಆದರೆ ಕಾರ್ಮಿಕ ಎಂದಾದ ಮೇಲೆ ಅವನನ್ನು ಇಟ್ಟುಕೊಳ್ಳುವುದು ದುಬಾರಿಯಾಯಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಜವಳಿ ಗಿರಣಿಗಳ ಮುಷ್ಕರ ಶುರುವಾದ ಮೇಲೆ, ಕಾಯಂ ನೌಕರ ಎಂದರೆ ಮಾಲೀಕರು ಬೆಚ್ಚುವಂತಾಯಿತು. ಮಾಲಿ ನಿವೃತ್ತನಾದರೆ ಆ ಜಾಗಕ್ಕೆ ಮತ್ತೊಬ್ಬ ಮಾಲಿ ಬರಲಿಲ್ಲ, ಗುತ್ತಿಗೆದಾರ ಬಂದ. ನಮ್ಮವರಿಗೆ ಬಾಗಿಲು ತೆರೆದದ್ದು ಹೀಗೆ, ಇನ್ನೊಬ್ಬನ ಕಾಯಂ ಕೆಲಸ ಹೋದ ಜಾಗದಲ್ಲಿ. ಈ ಮಾತನ್ನು ನಾವು ಸಭೆಗಳಲ್ಲಿ ಹೇಳುವುದಿಲ್ಲ.

ನಾನು ಹೆಚ್ಚು ವರ್ಷ ಲೆಕ್ಕ ಬರೆದದ್ದು ಬೈಲಹೊಂಗಲದ ಕಡೆಯ ಒಬ್ಬರಿಗೆ. ಊರಲ್ಲಿ ಹೊಲ ಇತ್ತು, ಮಳೆ ಇರಲಿಲ್ಲ. ಇಲ್ಲಿಗೆ ಬಂದು ಘೋಡಬಂದರ್ ರಸ್ತೆಯ ನರ್ಸರಿಯೊಂದರಲ್ಲಿ ದುಡಿದು, ಆಮೇಲೆ ಸ್ವಂತಕ್ಕೆ ಇಳಿದರು. ಮೊದಲು ಹೌಸಿಂಗ್ ಸೊಸೈಟಿಗಳು. ಸೊಸೈಟಿಯೆಂದರೆ ಪ್ರತಿ ಜನರಲ್ ಬಾಡಿ ಮೀಟಿಂಗಿನಲ್ಲೂ ಮಾಲಿಯ ಸಂಬಳದ ಮೇಲೆಯೇ ಅರ್ಧ ಗಂಟೆ ಚರ್ಚೆ! ಕಂಪೆನಿಯ ಕೆಲಸ ಹಿಡಿಯದೆ ಇದರಲ್ಲಿ ಬರಕತ್ತಿಲ್ಲ ಎಂದು ಅವರಿಗೆ ಬೇಗ ತಿಳಿಯಿತು. ಕಂಪೆನಿಗಳ ಗೇಟಿಗೆ ತಾವು ಬೆಳೆಸಿದ ಲಾನಿನ ಫೋಟೊ ಹಿಡಿದುಕೊಂಡು ಅಲೆದರು. ಯಾರೂ ಫೋಟೊ ನೋಡಲಿಲ್ಲ. ಒಂದು ಸಂಜೆ ಬಂದು ಕೂತು ಹೇಳಿದರು: "ಮಾಸ್ತರ್ರ, ಹುಲ್ಲು ಯಾರೂ ನೋಡಂಗಿಲ್ರೀ. ಫೈಲ್ ನೋಡ್ತಾರ. ನಂಗೊಂದು ಫೈಲ್ ಮಾಡಿಕೊಡ್ರಿ."

ಅವರ ಮಾತು ಅಕ್ಷರಶಃ ನಿಜ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ 20 ಅಥವಾ ಹೆಚ್ಚು ಆಳುಗಳಿದ್ದ ಗುತ್ತಿಗೆದಾರ ಲೈಸೆನ್ಸು ಪಡೆಯಬೇಕಿತ್ತು. ಮಹಾರಾಷ್ಟ್ರ ಆಮೇಲೆ ಆ ಮಿತಿಯನ್ನು 50ಕ್ಕೆ ಏರಿಸಿತು. ಕಂಪೆನಿಯ ಪ್ರತಿನಿಧಿಯ ಎದುರಿಗೇ ಸಂಬಳ ಬಟವಾಡೆ ಆಗಬೇಕಿತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಂಪೆನಿಯೇ ಕೊಟ್ಟು ಅವನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ಹೀಗಿರುವಾಗ ಯಾವ ಪರ್ಸನಲ್ ಮ್ಯಾನೇಜರನಾದರೂ ಮೊದಲು ಕೇಳುವುದು ಪಿ.ಎಫ್. ನಂಬರು, ಇ.ಎಸ್.ಐ. ನಂಬರು, ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರು. 2001ರ ಆಗಸ್ಟಿನಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ನಿಷೇಧವಾದರೂ ಕಾರ್ಮಿಕರು ತಾನೇ ತಾನಾಗಿ ಕಂಪೆನಿಯ ನೌಕರರಾಗುವುದಿಲ್ಲ ಎಂದಿತು. ಆದರೆ ಗುತ್ತಿಗೆ ಬರಿಯ ಸೋಗು ಎಂದು ರುಜುವಾತಾದರೆ ಆ ಮಾತೇ ಬೇರೆ ಎಂದೂ ಹೇಳಿತು. ಅಲ್ಲಿಂದ ಮುಂದೆ ಫೈಲು ಇನ್ನಷ್ಟು ದಪ್ಪವಾಯಿತು. ಮಾಲಿಯ ಅಂಗಿ, ಗುರುತಿನ ಚೀಟಿ, ಹುಲ್ಲು ಕತ್ತರಿ ಎಲ್ಲವೂ ಗುತ್ತಿಗೆದಾರನದೇ ಎಂದು ಕಾಗದ ಬೇಕು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯಿದೆ ಹೋಯಿತು, ಫೈಲು ಹೋಗಲಿಲ್ಲ.

ಇನ್ನೊಂದು ಕಾಗದವೂ ಇತ್ತು, ಅದು ಕಂಪೆನಿಯದೇ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ, ಇರುವ ಖಾಲಿ ಜಾಗದ ಶೇಕಡಾ 33ನ್ನಾದರೂ ಹಸಿರು ಮಾಡಬೇಕು ಎಂಬ ಒಂದು ಸಾಲು ಇರುತ್ತದೆ. ಡೊಂಬಿವಲಿ, ತುರ್ಭೆಯ ಎಷ್ಟೋ ಸಣ್ಣ ರಾಸಾಯನಿಕ ಘಟಕಗಳಿಗೆ ತೋಟ ಬೇಕಾಗಿದ್ದದ್ದು ಈ ಒಂದು ಸಾಲಿಗಾಗಿ. ಹೂವಿನ ಪ್ರೀತಿಗಲ್ಲ. ಒಪ್ಪಿಗೆಯ ನವೀಕರಣ ಯಾವಾಗ ಎಂದು ತಿಳಿದುಕೊಂಡು ಅದಕ್ಕೆ ಮೂರು ತಿಂಗಳ ಮೊದಲು ಕೊಟೇಶನ್ ಕೊಟ್ಟರೆ ಕೆಲಸ ಸಿಗುವ ಸಂಭವ ಹೆಚ್ಚು. ನಮ್ಮ ಬೈಲಹೊಂಗಲದವರು ಈ ಗುಟ್ಟು ಹಿಡಿದದ್ದು 1990ರ ದಶಕದ ಕೊನೆಗೆ. 1996ರಲ್ಲಿ ಪರಿಸರ ನಿರ್ವಹಣೆಯ ಐಎಸ್‌ಒ 14001 ಬಂದ ಮೇಲೆ, ಆ ಸರ್ಟಿಫಿಕೇಟು ಬೇಕೆಂದ ಕಂಪೆನಿಗಳು ಆಡಿಟಿನ ಮುಂಚೆ ತಾವಾಗಿಯೇ ಕರೆಯತೊಡಗಿದವು.

ಗೇಟಿನ ಒಳಗೆ ಕಾಲಿಡಲು ಮಾತ್ರ ಮನುಷ್ಯ ಬೇಕು. 1948ರ ಕಾರ್ಖಾನೆ ಕಾಯಿದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕ್ಯಾಂಟೀನು ಕಡ್ಡಾಯ ಮಾಡಬಹುದಿತ್ತು. ಅಂಥ ಕ್ಯಾಂಟೀನು ಹಲವು ಕಡೆ ನಮ್ಮ ಕರಾವಳಿಯವರ ಕೈಯಲ್ಲಿತ್ತು. ತೋಟದ ಮ್ಯಾನೇಜರ್ ಯಾರು, ಹಳೆಯ ಗುತ್ತಿಗೆದಾರನ ಮೇಲೆ ಅವನಿಗೆ ಯಾಕೆ ಸಿಟ್ಟು, ಇವೆಲ್ಲ ಇಡ್ಲಿ ಬಡಿಸುವವನಿಗೆ ಗೊತ್ತು. ಬಯಲುಸೀಮೆಯವರಿಗೂ ಕರಾವಳಿಯವರಿಗೂ ಸಂಘದ ಚುನಾವಣೆಯಲ್ಲಿ ಆಗಿಬರದೇ ಇರಬಹುದು, ಈ ವಿಷಯದಲ್ಲಿ ಒಬ್ಬರಿಗೊಬ್ಬರು ಆಗಿದ್ದಾರೆ. ಮೊದಲ ಆರ್ಡರು ಸಾಮಾನ್ಯವಾಗಿ ಜೂನ್ 5ರದು. ಪರಿಸರ ದಿನಕ್ಕೆ ಸಾಹೇಬರು ನೆಡಲು ಐವತ್ತು ಸಸಿ, ಅಗೆದಿಟ್ಟ ಗುಂಡಿ, ಕೈತೊಳೆಯಲು ಒಂದು ಬಕೆಟ್ ನೀರು. ಇದರಲ್ಲಿ ಲಾಭ ಇಟ್ಟುಕೊಳ್ಳಬಾರದು. ಆಗಸ್ಟಿನಲ್ಲಿ ಹೋಗಿ ಸತ್ತ ಸಸಿಗಳನ್ನು ಕೇಳದೆಯೇ ಬದಲಾಯಿಸಿ ಬರಬೇಕು. ವರ್ಷದ ಗುತ್ತಿಗೆಯ ಮಾತು ಅಲ್ಲಿಂದ ಶುರು.

ದರ ಹೇಳುವುದೇ ಕಷ್ಟದ ಕೆಲಸ. ಈ ಕೊಂಕಣದಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಆಕಾಶ ಕಳಚಿ ಬೀಳುತ್ತದೆ, ಉಳಿದ ಎಂಟು ತಿಂಗಳು ಒಣಗು. ಮಳೆಗಾಲದಲ್ಲಿ ಕತ್ತರಿಸಿದಷ್ಟೂ ಹುಲ್ಲು; ಮಾರ್ಚಿನ ನಂತರ ಟ್ಯಾಂಕರ್ ನೀರು. ಆದರೆ ಕಂಪೆನಿಗೆ ಬೇಕಾದದ್ದು ಹನ್ನೆರಡು ತಿಂಗಳಿಗೂ ಒಂದೇ ಮೊತ್ತ. ನೀರು ಯಾರದು ಎಂದು ಮೊದಲೇ ಬರೆಸಿಕೊಳ್ಳದವನು ಏಪ್ರಿಲಿನಲ್ಲಿ ಮುಳುಗಿದ. ಲಾನಿಗೆ ಹಾಸುವ ಕೆಮ್ಮಣ್ಣಿನ ಜೊತೆಗೇ ಜೇಕಿನ ಗಡ್ಡೆ ಬರುತ್ತದೆ, ಊರ ಹೊಲದಲ್ಲಿ ಕಾಡಿದ ಅದೇ ಜೇಕು. ಮರಾಠಿಯಲ್ಲಿ ಲವ್ಹಾಳಾ. ಮೇಲಿನಿಂದ ಕಿತ್ತರೆ ಹೋಗದು, ಗಡ್ಡೆ ಸಮೇತ ಕೂತು ಕೀಳಬೇಕು. ಅದಕ್ಕೆ ಹೆಣ್ಣಾಳುಗಳು. ಹಲವರು ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ನಾಕಾದಲ್ಲಿ ನಿಲ್ಲುತ್ತಿದ್ದ ಸಂಸಾರಗಳ ಹೆಂಗಸರು. ಅಂದವಾದ ಮೆಕ್ಸಿಕನ್ ಹುಲ್ಲು ಹಾಸಿಕೊಡುತ್ತೇವೆಂದು ದರ ಇಳಿಸಿ ಕೆಲಸ ಹಿಡಿದವರು ಆ ಇಳಿಸಿದ ದರವನ್ನು ಕೊನೆಗೆ ವಸೂಲು ಮಾಡಿದ್ದು ಈ ಹೆಂಗಸರ ಕೂಲಿಯಿಂದ. ಹತ್ತು ಹೆಸರಿನ ಹಾಜರಿ, ಏಳು ಜನರ ಕೆಲಸ, ಸಹಿ ಮಾಡಿದ ಮೊತ್ತ ಒಂದು, ಕೈಗೆ ಬಂದದ್ದು ಇನ್ನೊಂದು. ನನ್ನ ಬಳಿ ಹಾಗೆ ಬರೆಯಿಸಲು ಬಂದವರನ್ನು ವಾಪಸು ಕಳಿಸಿದ್ದೇನೆ. ಅವರು ಬೇರೆ ಮಾಸ್ತರರನ್ನು ಹುಡುಕಿಕೊಂಡರು, ಅಷ್ಟೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಬರುವ ಕೊಟೇಶನ್ನನ್ನು ಕಂಪೆನಿ ಓದಿದ ಕೂಡಲೇ ಹರಿದುಹಾಕಬೇಕು. ಲೆಕ್ಕ ಕಷ್ಟದ್ದೇನಲ್ಲ.

ಕೆಲಸ ಸಿಕ್ಕಮೇಲೆ ಹಣದ ಪಾಡು. ಆಳುಗಳಿಗೆ ತಿಂಗಳ 7ನೇ ತಾರೀಕಿನೊಳಗೆ ಸಂಬಳ ಕೊಡಬೇಕು. ಕಂಪೆನಿಯ ಚೆಕ್ಕು ತೊಂಬತ್ತು ದಿನಕ್ಕೆ. ನಡುವಿನ ಅಂತರಕ್ಕೆ ಹೆಂಡತಿಯ ಬಳೆ. 2006ರ ಸಣ್ಣ ಉದ್ದಿಮೆಗಳ ಕಾಯಿದೆ 45 ದಿನದೊಳಗೆ ಹಣ ಕೊಡಬೇಕೆಂದು ಹೇಳಿತು. ನಮ್ಮವರ ಹಣ ಐದು ತಿಂಗಳು ಹಿಡಿದಿಟ್ಟ ಒಂದು ಕಾರ್ಖಾನೆಗೆ ಆ ಕಲಮು ಹಾಕಿ ಪತ್ರ ಬರೆಯೋಣವೆಂದೆ. "ಬ್ಯಾಡ್ರಿ ಮಾಸ್ತರ್ರ, ರೊಕ್ಕ ಬರತೈತಿ, ಗಿರಾಕಿ ಹೋಗತೈತಿ" ಅಂದರು. ಬರೆಯಲಿಲ್ಲ.

ನವಿಮುಂಬಯಿಯ ಕತೆ ಬೇರೆ. ಅಲ್ಲಿ ಫೈಲಿಗಿಂತ ಮೊದಲು ನೆಲದ ಪ್ರಶ್ನೆ. 1970ರಲ್ಲಿ ಹುಟ್ಟಿದ ಸಿಡ್ಕೊ ಹೊಸ ನಗರಕ್ಕಾಗಿ 95 ಹಳ್ಳಿಗಳ ಭೂಮಿಗೆ ಕೈಹಾಕಿತು. ಗದ್ದೆ, ಉಪ್ಪಿನ ಆಗರ, ಮೀನು, ಇವನ್ನೇ ನಂಬಿದ್ದ ಆಗ್ರಿ, ಕೋಳಿ ಜನ. 1984ರ ಜನವರಿಯಲ್ಲಿ ಜಾಸೈ ಕಡೆ ಡಿ.ಬಿ. ಪಾಟೀಲರ ನೇತೃತ್ವದ ಚಳವಳಿಯ ಮೇಲೆ ಗೋಲಿಬಾರ್ ಆಗಿ ಐವರು ಸತ್ತರು. ಕೊನೆಗೆ ವಶವಾದ ನೆಲದಲ್ಲಿ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂತಿರುಗಿಸುವ ಯೋಜನೆ ಬಂತು. ಆ ಹಳ್ಳಿಗಳ ಹುಡುಗರು ಕಂಪೆನಿಯ ಗೇಟಿಗೆ ಬಂದು, ಗದ್ದೆ ನಮ್ಮದಾಗಿತ್ತು, ಹುಲ್ಲಿನ ಕೆಲಸವಾದರೂ ನಮಗೆ ಬೇಡವೇ ಎಂದು ಕೇಳಿದರೆ ಏನು ಉತ್ತರ? ಬೆಂಗಳೂರಿನಲ್ಲಿ ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ನಾವೇ ಘೋಷಣೆ ಕೂಗುತ್ತೇವೆ. ಇಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ಮೇಲೆ ಹರಿಹಾಯ್ದಾಗ ಅನ್ಯಾಯ ಎಂದೆವು. ಎರಡನ್ನೂ ಒಂದೇ ಬಾಯಲ್ಲಿ ಹೇಳುವುದು ಕಷ್ಟ. ಆದರೆ ಜಾಸೈಯವರದು ಭಾಷೆಯ ಜಗಳವಲ್ಲ, ಕಳೆದುಹೋದ ಗದ್ದೆಯ ಜಗಳ. ಅವರ ಹಕ್ಕು ನಮ್ಮದಕ್ಕಿಂತ ಹಿಂದಿನದು ಎಂದೇ ನಾನು ತಿಳಿದಿದ್ದೇನೆ.

ಬೈಲಹೊಂಗಲದವರು ವಾದಕ್ಕೆ ಹೋಗಲಿಲ್ಲ. ಘಣಸೋಲಿಯ ಒಬ್ಬ ಹುಡುಗನನ್ನು ಪಾಲುದಾರನಾಗಿ ಮಾಡಿಕೊಂಡರು. ಕಂಪೆನಿಯ ಕೆಲಸ ಹಿಡಿಯುವುದು ಅವನದು, ಹುಲ್ಲು ಬೆಳೆಸುವುದು ಇವರದು. ಬರಿಯ ಹೆಸರಿಗೆ ಸ್ಥಳೀಯನನ್ನು ಮುಂದೆ ನಿಲ್ಲಿಸಿ ತಿಂಗಳಿಗಿಷ್ಟು ಎಂದು ಕೈಗೆ ಹಾಕುವ ಪದ್ಧತಿಯೂ ಇತ್ತು. ಇವರು ಹಾಗೆ ಮಾಡದೆ ಅವನಿಗೆ ಹುಲ್ಲಿನ ಕೆಲಸವನ್ನೂ ಕಲಿಸಿದರು. ಕೆಲವು ವರ್ಷಗಳ ನಂತರ ಅವನು ಬೇರೆಯಾಗಿ, ಇವರಿಗಿಂತ ದೊಡ್ಡ ಗುತ್ತಿಗೆದಾರನಾದ. ಇವರಿಗೆ ಅದರ ಬೇಸರ ಇತ್ತು, ಮಾತಾಡಲಿಲ್ಲ.

ಗಿರಾಕಿಗಳೂ ಅಷ್ಟರಲ್ಲಿ ಬದಲಾಗಿದ್ದರು. ಎನ್‌ಆರ್‌ಸಿ 2009ರಲ್ಲಿ ಬಾಗಿಲು ಹಾಕಿತು. ರೇಮಂಡ್ ಗಿರಣಿಯ ನೆಲದಲ್ಲಿ ಮನೆಗಳ ಗೋಪುರಗಳು ಎದ್ದಿವೆ. ಥಾಣೆ-ಬೇಲಾಪುರ ರಸ್ತೆಯಲ್ಲಿ ರಾಸಾಯನಿಕದ ಜಾಗಕ್ಕೆ ಐಟಿ ಪಾರ್ಕುಗಳು ಬಂದವು. ಅಲ್ಲಿ ಲಾನು ದೊಡ್ಡದು, ಆದರೆ ಸಣ್ಣವನಿಗೆ ಗೇಟಿಲ್ಲ. ಝಾಡೂ, ಸೆಕ್ಯುರಿಟಿ, ಲಿಫ್ಟು, ತೋಟ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ದೊಡ್ಡ ನಿರ್ವಹಣಾ ಕಂಪೆನಿಗಳು ನಡುವೆ ಬಂದಿವೆ. ಅವುಗಳ ಕೈಕೆಳಗೆ ಒಳಗುತ್ತಿಗೆ. ಈಗ ವ್ಯವಹಾರ ನೋಡುವವಳು ಬೈಲಹೊಂಗಲದವರ ಮಗಳು, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಮರಾಠಿ ಅವಳಿಗೆ ಕನ್ನಡಕ್ಕಿಂತ ಸಲೀಸು. ಹೋದ ಬೇಸಿಗೆಯಲ್ಲಿ ಕೊಟೇಶನ್ ಒಂದನ್ನು ತೋರಿಸಲು ತಂದಿದ್ದಳು. ಒಬ್ಬ ಮಾಲಿಗೆ ಕನಿಷ್ಠ ವೇತನ ಇಷ್ಟು, ಪಿ.ಎಫ್. ಇಷ್ಟು, ರಜೆಯ ಸಂಬಳ ಇಷ್ಟು, ಟ್ಯಾಂಕರ್ ನೀರು ಕಂಪೆನಿಯದು ಎಂದು ಸಾಲುಸಾಲಾಗಿ ಬಿಡಿಸಿ ಬರೆದು, ಎಲ್ಲಕ್ಕೂ ಕೊನೆಗೆ ತನ್ನ ಲಾಭ ಶೇಕಡಾ 8 ಎಂದು ತೆರೆದೇ ಹಾಕಿದ್ದಳು. "ಲಾಭ ಯಾರಾದ್ರೂ ಹೀಗೆ ಬರೀತಾರೇನಮ್ಮಾ?" ಅಂದೆ. "ಬರೀಲಿ ಬಿಡಿ ಅಂಕಲ್, ಕಮ್ಮಿ ಮಾಡೋದಾದ್ರೆ ಅದ್ರಲ್ಲೇ ಮಾಡ್ಲಿ, ಮಾಲಿಯ ಸಾಲಿಗೆ ಕೈ ಹಾಕ್ಬಾರ್ದು" ಅಂದಳು. ಕಂಪೆನಿಯವರು 6ಕ್ಕೆ ಇಳಿಸಿ ಒಪ್ಪಿದರು.