ನೆಲದಲ್ಲಿ ಅಳಿದು ಆಟದಲ್ಲಿ ಉಳಿದ ವಿಮಾನನಿಲ್ದಾಣ

ವಿಮಾನ ನಡೆಸುವ ವಿದ್ಯೆಯನ್ನು ನೆಲದ ಮೇಲೆಯೇ ಅಭ್ಯಾಸಮಾಡಿಸುವ ಯೋಚನೆ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು ತನ್ನ ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿ ಕಂಡಿದ್ದ ತಿದಿಗಳನ್ನೇ ಬಳಸಿ, 1929ರ ಸುಮಾರಿಗೆ ಓಲಾಡುವ ಶಿಕ್ಷಣಯಂತ್ರವೊಂದನ್ನು ನಿರ್ಮಿಸಿದನು. ಮೊದಲು ಅದನ್ನು ಕೊಂಡವರಲ್ಲಿ ವಿನೋದೋದ್ಯಾನಗಳವರೇ ಹೆಚ್ಚು. 1934ರಲ್ಲಿ, ಅಂಚೆ ಒಯ್ಯುತ್ತಿದ್ದ ಸೈನ್ಯದ ವೈಮಾನಿಕರು ಕೆಟ್ಟ ಹವೆಯಲ್ಲಿ ಸಿಲುಕಿ ಮಡಿದ ಮೇಲಷ್ಟೆ ಸೈನ್ಯವು ಅದನ್ನು ಕೊಂಡಿತು.

ಆ ಅಭ್ಯಾಸವನ್ನು ಮನೆಯೊಳಕ್ಕೆ ತಂದವನು ಬ್ರೂಸ್ ಆರ್ಟ್‌ವಿಕ್. ಹಾರುವಾತನ ಕಣ್ಣಿಗೆ ಬೀಳುವ ದೃಶ್ಯವನ್ನು ಗಣಕಯಂತ್ರದಿಂದ ಚಿತ್ರಿಸುವ ವಿಷಯವಾಗಿ ಆತನು 1975ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧ ಬರೆದಿದ್ದನು. ಆಪಲ್ 2 ಎಂಬ ಪುಟ್ಟ ಗಣಕಕ್ಕಾಗಿ ಆತನು ರಚಿಸಿದ ಮೊದಲ ಆಟದಲ್ಲಿ ಭೂಮಿಯೆಂದರೆ ಕೆಲವು ಗೆರೆಗಳು ಮಾತ್ರ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಐಬಿಎಂ ಗಣಕಕ್ಕಾಗಿ ಆತನ ‘ಫ್ಲೈಟ್ ಸಿಮ್ಯುಲೇಟರ್’ ಆಟವನ್ನು ಪ್ರಕಟಿಸಿತು. ಇದರಲ್ಲಿ ವಿಮಾನದ ಮೂತಿಯನ್ನು ಮಿತಿಮೀರಿ ಎತ್ತಿದರೆ ವೇಗ ಕುಗ್ಗುವುದು, ರೆಕ್ಕೆ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುವುದು, ವಿಮಾನ ಕುಸಿಯುವುದು. ಇದನ್ನು ಬರಿಯ ಆಟವೆಂದು ಕರೆಯಲು ನನಗೆ ಮನಸ್ಸಾಗದು.

ಆಟ ಆರಂಭವಾಗುತ್ತಿದ್ದ ಸ್ಥಳ ಷಿಕಾಗೊ ನಗರದ ಮೆಗ್ಸ್ ಫೀಲ್ಡ್. ಮಿಷಿಗನ್ ಸರೋವರದ ಅಂಚಿನಲ್ಲಿ ಮನುಷ್ಯರೇ ಮಣ್ಣು ತುಂಬಿ ಮಾಡಿದ ನೆಲದ ಮೇಲೆ, 1948ರಲ್ಲಿ ತೆರೆದ ಚಿಕ್ಕ ನಿಲ್ದಾಣವದು, ಓಡುದಾರಿ ಒಂದೇ. ಷಿಕಾಗೊವನ್ನು ಎಂದೂ ಕಾಣದವರೂ ಆ ದಾರಿಯ ತುದಿಯನ್ನೂ ಪಕ್ಕದ ನೀರನ್ನೂ ತಮ್ಮ ಮನೆಯ ಅಂಗಳದಂತೆ ಬಲ್ಲವರಾದರು.

2003ನೆಯ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿಯವರ ಅಪ್ಪಣೆಯಂತೆ ಬುಲ್‌ಡೋಜರುಗಳು ಬಂದು ಆ ಓಡುದಾರಿಯನ್ನು ಅಗೆದುಹಾಕಿದವು. ಅಲ್ಲಿ ನಿಂತಿದ್ದ 16 ವಿಮಾನಗಳು ಸಿಕ್ಕಿಕೊಂಡವು. ನಗರದ ರಕ್ಷಣೆಗಾಗಿ ಹೀಗೆ ಮಾಡಬೇಕಾಯಿತೆಂದು ಮೇಯರರು ಹೇಳಿದರು. ಅಲ್ಲಿ ಉದ್ಯಾನವಾಗಬೇಕೆಂಬ ಅಪೇಕ್ಷೆ ಅವರಿಗೆ ಮೊದಲಿನಿಂದಲೂ ಇದ್ದಿತು. 1909ರ ನಗರಯೋಜನೆಯೂ ಸರೋವರತೀರವನ್ನು ಸಾರ್ವಜನಿಕರ ವಿಹಾರಕ್ಕೆ ಬಿಡಬೇಕೆಂದೇ ಬಯಸಿದ್ದಿತು. ಆ ಪಕ್ಷದಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೆ ನಡುರಾತ್ರಿಯಲ್ಲಿ, ಯಾರಿಗೂ ತಿಳಿಸದೆ ಮಾಡುವ ಸಾರ್ವಜನಿಕ ಕಾರ್ಯವು ಎಂತಹುದು? ವಿಮಾನ ಆಡಳಿತವು ಷಿಕಾಗೊ ನಗರಕ್ಕೆ 33,000 ಡಾಲರ್ ದಂಡ ವಿಧಿಸಿತು. ಓಡುದಾರಿ ಮರಳಲಿಲ್ಲ.

ಅದೇ ವರ್ಷ ಬೇಸಗೆಯಲ್ಲಿ ಹೊರಬಂದ ಆಟದ ಆವೃತ್ತಿಯಲ್ಲಿ ಮೆಗ್ಸ್ ಫೀಲ್ಡ್ ಇನ್ನೂ ಇದ್ದಿತು. 2006ರ ಆವೃತ್ತಿಯವರು, ನೆಲದ ಮೇಲಿಲ್ಲದುದು ಭೂಪಟದಲ್ಲೇಕೆಂದೋ ಏನೋ, ಅದನ್ನು ಬಿಟ್ಟರು. ಆಟಗಾರರು ಬಿಡಲಿಲ್ಲ. ಹಳೆಯ ಓಡುದಾರಿಯನ್ನೂ ಗೋಪುರವನ್ನೂ ತಾವೇ ರಚಿಸಿ, ತಮ್ಮ ತಮ್ಮ ಯಂತ್ರಗಳಲ್ಲಿ ಸರೋವರದ ಅಂಚಿಗೆ ಮತ್ತೆ ಜೋಡಿಸಿಕೊಂಡರು. ನಿಜವಾದ ನೆಲದಲ್ಲಿ ಈಗ ಹುಲ್ಲು ಬೆಳೆದಿದೆ.