ಔಷಧಿ ಹೊಡೆಯುವ ಊರಿನಲ್ಲಿ ‘ಹೊಡೆ’ಯ ಚರಿತ್ರೆ

ಆರಿದ್ರಾ ಮಳೆ ತುಸು ಹೊಳವಾದರೆ ಸಾಕು, ನರಸಿಂಹರಾಜಪುರ ತಾಲ್ಲೂಕಿನ ಶೆಟ್ಟಿಕೊಪ್ಪದ ಸುತ್ತಮುತ್ತಲ ಅಡಿಕೆ ತೋಟಗಳಲ್ಲಿ ಒಂದೇ ವಿಚಾರಣೆ. “ಔಷ್ದಿ ಹೊಡ್ಸಾಯ್ತಾ ಭಟ್ರೇ?” “ಒಂದ್ ಸಲ ಆಯ್ತು ಮಾರಾಯ, ಎರಡ್ನೇದಕ್ಕೆ ಹೊಳವೇ ಸಿಕ್ತಿಲ್ಲ.” ಇಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ. ಮೈಲುತುತ್ತ, ಸುಣ್ಣ, ನೀರು ಬೆರೆತ ಬೋರ್ಡೋ ದ್ರಾವಣ ಹನಿಹನಿಯಾಗಿ ಅಡಿಕೆಯ ಕೊನೆಯ (ಗೊಂಚಲಿನ) ಮೇಲೆ ಕೂತಿದೆ, ಅಷ್ಟೆ. ಹಾಗಿದ್ದೂ ಆ ಕೆಲಸಕ್ಕೆ ಒದಗಿದ್ದು ಏಟು ಕೊಡುವ ಕ್ರಿಯಾಪದ.

ಹಳಗನ್ನಡದಲ್ಲಿ ಇದರ ರೂಪ ‘ಪೊಡೆ’. ಪಾಲು ಹಾಲಾದಂತೆ, ಪೋಗು ಹೋಗಾದಂತೆ ಇದೂ ಪಕಾರ ಕಳೆದುಕೊಂಡು ಹಕಾರ ತೊಟ್ಟಿತು. ಪಂಪ 941ರಲ್ಲಿ ಆದಿಪುರಾಣ ಬರೆದಾಗ ಪಕಾರವೇ ಕಾವ್ಯದ ರೂಢಿ. ಹತ್ತನೆಯ ಶತಮಾನದ ಈಚೆಗೆ ಶಾಸನಗಳಲ್ಲಿ ಹಕಾರ ತಲೆ ಹಾಕುತ್ತದೆ, ವಚನಗಳ ಹೊತ್ತಿಗೆ ಅದರದೇ ಮೇಲುಗೈ. (ವಚನದ ಓಲೆಗರಿಗಳು ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ನಂತರದ ಕಾಲದವು, ಅವನ್ನೇ ಸಾಕ್ಷಿ ಮಾಡುವಾಗ ಕೊಂಚ ಎಚ್ಚರ ಬೇಕು.) ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಈ ಬದಲಾವಣೆಯನ್ನು ಗುರುತಿಸಿಯೇ ಮುಂದೆ ಹೋಗಿದ್ದಾನೆ. ಘಟ್ಟದ ಕೆಳಗಿನ ತುಳು ಮಾತ್ರ ಪಕಾರವನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ತಮಿಳಿನ ‘ಪುಡೈ’ ಇದರ ಒಡಹುಟ್ಟು. ಬಡಿಯುವುದು ಎಂಬ ಅರ್ಥದ ಜೊತೆಗೆ ಮೊರದಲ್ಲಿ ಧಾನ್ಯ ಕೇರುವುದಕ್ಕೂ ಅಲ್ಲಿ ಅದೇ ಮಾತು. ಮೊರದ ಅಂಚಿಗೆ ಅಂಗೈ ತಟ್ಟುತ್ತ ಹೊಟ್ಟು ಹಾರಿಸುವುದನ್ನು ನೋಡಿದವರಿಗೆ ಈ ನಂಟು ವಿವರಿಸಬೇಕಾಗಿಲ್ಲ. ‘ಒಡೆ’ಯ ವಂಶ ಬೇರೆ, ಅದರ ತಮಿಳು ನೆಂಟ ‘ಉಡೈ’. ಹಕಾರ ನುಂಗುವ ಮೈಸೂರು ಸೀಮೆಯ ಆಡುಮಾತಿನಲ್ಲಿ ಎರಡೂ ಒಂದಾಗಿ, ‘ಒಡ್ದ’ ಎಂದರೆ ಏಟು ಬಿತ್ತೋ ಮಡಕೆ ಹೋಯಿತೋ ಎಂದು ಸಂದರ್ಭವನ್ನೇ ಕೇಳಬೇಕು. ಬತ್ತದ ತೆನೆ ಹೊರಡುವ ಮುಂಚಿನ ‘ಹೊಡೆ’ಯದು ಬರಿಯ ಉಚ್ಚಾರ ಸಾಮ್ಯ, ಅದು ಹೊಟ್ಟೆ ಎಂಬರ್ಥದ ಹಳೆಯ ‘ಪೊಡೆ’ಯ ಕಡೆಯದು.

ಅರ್ಥ ಹಬ್ಬಿದ ದಾರಿ ಇನ್ನೂ ಸ್ವಾರಸ್ಯದ್ದು. ಎತ್ತಿಗೆ ಬಾರುಕೋಲಿನ ಏಟು ಬಿದ್ದರೆ ಗಾಡಿ ಮುಂದೆ ಹೋಗುತ್ತಿತ್ತು, ಹಾಗಾಗಿ ‘ಗಾಡಿ ಹೊಡೆ’. ಎತ್ತು ಹೋಗಿ ಎಂಜಿನ್ ಬಂದರೂ ಲಾರಿಯನ್ನು ‘ಹೊಡೆಯುವುದು’ ನಿಲ್ಲಲಿಲ್ಲ. ಲಾರಿ ಮಣ್ಣು ತಂದು ಸುರಿದರೆ ‘ತೋಟಕ್ಕೆ ನಾಲ್ಕು ಲೋಡ್ ಮಣ್ಣು ಹೊಡೆಸಿದೆ’ ಎನ್ನುತ್ತಾರೆ. ಏಟು ತಿಂದ ಎತ್ತು ಈ ವಾಕ್ಯದಲ್ಲಿ ಎಲ್ಲೂ ಇಲ್ಲ. ಇಂಗ್ಲಿಷಿನ ‘ಡ್ರೈವ್’ ನಡೆದದ್ದೂ ಇದೇ ಹಾದಿ, ಮೊದಲು ದನ ಅಟ್ಟುವುದು, ಆಮೇಲೆ ಸಾರೋಟು, ಕೊನೆಗೆ ಕಾರು. ಅವರ ‘ಸ್ಟ್ರೈಕ್’ ಮಾತ್ರ ಉಲ್ಟಾ ನಡೆದಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ಮೆಲ್ಲಗೆ ಸವರುವುದು, ಸಾಗುವುದು. ಏಟಿನ ಅರ್ಥ ಆಮೇಲಿನದು. 1768ರಲ್ಲಿ ಲಂಡನ್ನಿನ ನಾವಿಕರು ಹಾಯಿ ಇಳಿಸಿ ಹಡಗು ನಿಲ್ಲಿಸಿದ ಮೇಲೆ ಅದಕ್ಕೆ ಮುಷ್ಕರದ ಅರ್ಥವೂ ಅಂಟಿಕೊಂಡಿತು.

ಗಂಟೆ, ಮೊಳೆ, ಸಿಡಿಲು ‘ಹೊಡೆಯು’ವಲ್ಲಿ ತಾಗುವ ಅರ್ಥ ಇನ್ನೂ ಇದೆ. ಗೊರಕೆ, ಹರಟೆ, ವಾಸನೆಗೆ ಬರುವಾಗ ಅದು ಕರಗಿ, ಜೋರು ಮಾತ್ರ ಉಳಿದಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನದು, ಸೊಸೈಟಿಯ ದುಡ್ಡು ಹೊಡೆಯುವವನದು ಸದ್ದೇ ಇಲ್ಲದ ಕೆಲಸ! ‘ಬಡಿ’ ಇಷ್ಟು ಸಡಿಲವಾಗಲಿಲ್ಲ. ಕಣದಲ್ಲಿ ಬತ್ತ ಬಡಿಯುತ್ತಾರೆಯೇ ಹೊರತು ಹೊಡೆಯುವುದಿಲ್ಲ, ಔಷಧಿಯನ್ನಂತೂ ಯಾರೂ ಬಡಿಯುವುದಿಲ್ಲ.

ಔಷಧಿಯ ಅರ್ಥ ಯಾವಾಗಿನದು ಎಂಬುದಕ್ಕೆ ತೋಟದ ಚರಿತ್ರೆಯೇ ಆಧಾರ. ಬಾಸೆಲ್ ಮಿಷನ್ನಿನ ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದರಲ್ಲಿ ಈ ಅರ್ಥವನ್ನು ನಿರೀಕ್ಷಿಸುವಂತಿಲ್ಲ, ಏಕೆಂದರೆ ಆಗ ಮಲೆನಾಡಿನ ಬೆಳೆಗಾರರು ಕೊಳೆರೋಗಕ್ಕೆ ಮಾಡುತ್ತಿದ್ದ ಉಪಾಯ ‘ಕೊಟ್ಟೆ ಕಟ್ಟುವುದು’, ಮಳೆಗಾಲಕ್ಕೆ ಮುಂಚೆ ಕೊನೆಗಾರ ಮರ ಹತ್ತಿ ಪ್ರತಿ ಕೊನೆಗೂ ಕರಡದ ಹುಲ್ಲಿನ ಹೊದಿಕೆ ಬಿಗಿಯುತ್ತಿದ್ದ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಯ ರೋಗಕ್ಕೆಂದು 1885ರ ಹೊತ್ತಿಗೆ ಹೆಸರಾಗಿದ್ದ ದ್ರಾವಣ ಇಲ್ಲಿಗೆ ಬರಲು ಇನ್ನೂ ಸಮಯವಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆಗೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು, ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬ ಇಂದಿನ ಲೆಕ್ಕ ತೋಟವಿರುವ ಮನೆಗಳಲ್ಲಿ ಬಾಯಿಪಾಠ. ಕೊನೆ ಕಾಯುವ ಕೆಲಸ ‘ಕಟ್ಟು’ವಿನಿಂದ ‘ಹೊಡೆ’ಗೆ ದಾಟಿದ್ದು ಕೋಲ್ಮನ್ನರ ಈಚೆಗೆ.

‘ಸಿಂಪಡಿಸು’ ಎಂಬ ಸಾಧು ಪದ ಇಲಾಖೆಯ ಕರಪತ್ರದಲ್ಲೇ ಉಳಿಯಿತು. ಕೈಪಂಪಿನ ಸನ್ನೆಯನ್ನು ಒಬ್ಬ ಹಿಂದೆಮುಂದೆ ಎಳೆದು ಒತ್ತಡ ಕೊಡಬೇಕು, ಮರದ ತುದಿಯಲ್ಲಿ ಕೂತವನ ಕೈಯ ನಳಿಗೆಯಿಂದ ದ್ರಾವಣ ಬುಸ್ಸೆಂದು ಹಾರಿ ಕೊನೆಗೆ ಅಪ್ಪಳಿಸಬೇಕು. ಆ ರಭಸಕ್ಕೆ ‘ಸಿಂಪಡಿಸು’ ಮೆತ್ತಗಾಯಿತು. ಈಗ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿ ಎತ್ತಿ ಹಿಡಿಯುವವರೂ ‘ಹೊಡೆಯು’ತ್ತಾರೆ.

ಹಾಗೆಂದು ಇದು ಕನ್ನಡದ ಸ್ವಂತ ಕಲ್ಪನೆಯೇನಲ್ಲ. ತಮಿಳರು, ಮಲಯಾಳಿಗಳು ಕೀಟನಾಶಕಕ್ಕೆ ಬಳಸುವ ‘ಅಡಿ’, ತೆಲುಗರ ‘ಕೊಟ್ಟು’ ಎರಡೂ ಏಟಿನ ಮಾತುಗಳೇ. ಧಾತುಗಳು ಬೇರೆಬೇರೆ, ಅರ್ಥ ಸಾಗಿದ ದಿಕ್ಕು ಒಂದೇ. ಅಂದರೆ ಇದು ಮೂಲ ದ್ರಾವಿಡದಿಂದ ಹಂಚಿಕೊಂಡ ಆಸ್ತಿಯಲ್ಲ, ನೆರೆಹೊರೆಯಲ್ಲಿ ಬೆಳೆದ ರೂಢಿ. ಆದರೆ ನೆರೆಹೊರೆಯೆಂದರೆ ಎಲ್ಲರೂ ಒಂದೇ ಅಲ್ಲ. ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಹೋದರೆ ಅದೇ ಅಡಿಕೆ, ಅದೇ ಕೊಳೆರೋಗ, ಅದೇ ಮೈಲುತುತ್ತ. ಅಲ್ಲಿ ಕೇಳುವುದು ಮಾತ್ರ “ಮದ್ದು ಬಿಟ್ಟಾಯ್ತಾ?” ಎಂದು. ತೋಟಕ್ಕೆ ನೀರು ಬಿಟ್ಟಂತೆ ಮದ್ದನ್ನೂ ಬಿಡುತ್ತಾರೆ. ತುಳುವಿನ ಮಾತೂ ‘ಬಿಡು’ವಿನ ಕಡೆಯದೇ. ಶೆಟ್ಟಿಕೊಪ್ಪದಿಂದ ಪುತ್ತೂರಿಗೆ ಮದುವೆಯಾಗಿ ಹೋದವಳು ಮೊದಲ ಮಳೆಗಾಲದಲ್ಲೇ ಈ ಕ್ರಿಯಾಪದ ಬದಲಾಯಿಸಿಕೊಳ್ಳುತ್ತಾಳೆ.