ಹಳ್ಳಿಯ ಶಾಲೆಗೆ ಮೊದಲು ಬಂದ ದೂರದರ್ಶನ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಮಕ್ಕಳು ತಮ್ಮ ಶಾಲೆಯಲ್ಲಿಯೇ ಕುಳಿತು ಕನ್ನಡದ ದೂರದರ್ಶನ ಕಾರ್ಯಕ್ರಮಗಳನ್ನು ನೋಡಿದ್ದರು. ಹೊಸದೆಂಬುದೆಲ್ಲ ಮೊದಲು ರಾಜಧಾನಿಗೆ ಬಂದು, ಅಲ್ಲಿ ಹಳತಾದ ಮೇಲೆ ಹಳ್ಳಿಯ ದಾರಿ ಹಿಡಿಯುವುದು ನಮ್ಮಲ್ಲಿ ವಾಡಿಕೆ. ಆ ವಾಡಿಕೆ ಒಂದು ವರ್ಷದ ಮಟ್ಟಿಗಾದರೂ ತಲೆಕೆಳಗಾಗಿದ್ದಿತೆಂಬ ಸಂಗತಿಯನ್ನು ಈಗ ನಾವು ಅಷ್ಟಾಗಿ ನೆನೆಯುವುದಿಲ್ಲ.

ಇದಕ್ಕೆ ಮೂಲವಾದ ಆಲೋಚನೆ ವಿಕ್ರಮ ಸಾರಾಭಾಯಿಯವರದು. ಊರಿನಿಂದ ಊರಿಗೆ ಪ್ರಸಾರಗೋಪುರಗಳನ್ನು ಕಟ್ಟುತ್ತ ಹೋದರೆ ದೂರದ ಹಳ್ಳಿಯ ಸರದಿ ಬರುವುದು ಯಾವಾಗ? ಆಕಾಶದಲ್ಲಿ ನಿಂತ ಉಪಗ್ರಹಕ್ಕಾದರೋ ಪಟ್ಟಣವೂ ಒಂದೇ, ಹಳ್ಳಿಯೂ ಒಂದೇ. ನಮ್ಮಲ್ಲಿ ಆಗ ಅಂತಹ ಉಪಗ್ರಹವಿರಲಿಲ್ಲ. ಆದುದರಿಂದ 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಅವರ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷ ಬಳಸಲು ಏರ್ಪಾಡು ಮಾಡಿತು. ಸಾರಾಭಾಯಿಯವರು 1971ರಲ್ಲಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. 1975ರ ಆಗಸ್ಟ್ 1ರಂದು ಪ್ರಯೋಗ ಮೊದಲಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ಸೈಟ್’ ಎಂದು ಕರೆದರು. ಆರು ರಾಜ್ಯಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದಲ್ಲಿ ಮೇಲೆ ಹೇಳಿದ ಮೂರು ಜಿಲ್ಲೆಗಳ ಹಳ್ಳಿಗಳು. ಹಿಂದುಳಿದಿರುವುದೇ ಇಲ್ಲಿ ಅರ್ಹತೆಯಾಗಿದ್ದಿತು. ಅಂತಹ ಅರ್ಹತೆಗೆ ಮನ್ನಣೆ ದೊರೆಯುವುದು ಅಪರೂಪವಲ್ಲವೆ?

ಉಪಗ್ರಹದಿಂದ ಬರುವ ಕ್ಷೀಣವಾದ ಅಲೆಗಳನ್ನು ಹಿಡಿಯಲು ಸಾಮಾನ್ಯ ಏರಿಯಲ್ ಸಾಲದು. ಅಹಮದಾಬಾದಿನ ವಿಜ್ಞಾನಿಗಳು ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದಲೇ ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನಾ ರೂಪಿಸಿದರು. ಅಗ್ಗದ ವಸ್ತು, ಗಾಳಿಗೆ ತಡೆಯೊಡ್ಡದ ಮೈ. ಟೆಲಿವಿಷನ್ ಸೆಟ್ಟುಗಳು ಹೈದರಾಬಾದಿನ ಸರಕಾರಿ ಕಾರ್ಖಾನೆಯಲ್ಲಿ ತಯಾರಾದವು. ಹೆಚ್ಚಿನ ಊರುಗಳಲ್ಲಿ ಸೆಟ್ಟು ಇದ್ದದ್ದು ಶಾಲೆಯಲ್ಲಿ, ಅನೇಕ ಕಡೆ ಅದರ ಉಸ್ತುವಾರಿ ಮೇಷ್ಟರದು. ಬಿಸಿಲು, ಧೂಳು, ಏರಿಳಿಯುವ ವಿದ್ಯುತ್ತು ಇವೆಲ್ಲವನ್ನೂ ಅದು ತಡೆದುಕೊಳ್ಳಬೇಕಾಗಿದ್ದಿತು. ರಿಪೇರಿಗೆಂದು ಆಯಾ ಪ್ರದೇಶದಲ್ಲಿಯೇ ಕೇಂದ್ರಗಳನ್ನು ತೆರೆದು, ಜೀಪುಗಳನ್ನೂ ಬಿಡಿಭಾಗಗಳನ್ನೂ ಒದಗಿಸಿದ್ದರು. ಉಪಗ್ರಹದ ಕಥೆ ಹೇಳುವವರು ಈ ಜೀಪುಗಳನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಪ್ರಯೋಗದ ಅರ್ಧ ಯಶಸ್ಸು ಅವುಗಳದೇ.

ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲು. ಹಿಂದಿ, ಒಡಿಯಾ, ತೆಲುಗು, ಕನ್ನಡ ಹೀಗೆ ನಾಲ್ಕು ಭಾಷೆಗಳು ಅದನ್ನು ಹಂಚಿಕೊಂಡುದರಿಂದ ಕನ್ನಡಕ್ಕೆ ದಿನವೂ ದೊರೆತದ್ದು ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕುಳಿತು ನೋಡಬೇಕಾದುದರಿಂದ ಒಂದೊಂದು ತರಗತಿಯ ಪಠ್ಯಕ್ಕೆ ಅಂಟಿಕೊಳ್ಳುವಂತಿರಲಿಲ್ಲ. ಮನೆಯಲ್ಲಿ ಸಿಗುವ ಸಾಮಾನುಗಳಿಂದ ವಿಜ್ಞಾನ ತೋರಿಸುವ ಪಾಠಗಳು ಬಂದವು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಅವುಗಳನ್ನು ಸಿದ್ಧಪಡಿಸುವ ಭಾರದಲ್ಲಿ ದೊಡ್ಡ ಪಾಲು ಆಕಾಶವಾಣಿಯದು. 1976ರ ಏಪ್ರಿಲ್ 1ರವರೆಗೆ ದೂರದರ್ಶನವು ಆಕಾಶವಾಣಿಯ ಅಂಗವೇ ಆಗಿದ್ದಿತೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ನೆನಪಿದ್ದೀತು.

ಮಕ್ಕಳಿಗಿಂತ ಮೇಷ್ಟರಿಗೆ ದೊರೆತದ್ದೇ ಹೆಚ್ಚು ಎನ್ನಬಹುದೇನೋ. 1975ರ ಅಕ್ಟೋಬರ್ ರಜೆಯಲ್ಲಿ ಒಮ್ಮೆ, ಮರುವರ್ಷದ ಬೇಸಗೆಯಲ್ಲಿ ಮತ್ತೊಮ್ಮೆ, ಆರೂ ರಾಜ್ಯಗಳಲ್ಲಿ ಕೂಡಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಟೆಲಿವಿಷನ್ನಿನೊಡನೆ ಬಾನುಲಿ ಪಾಠ, ಅಚ್ಚಾದ ಪುಸ್ತಿಕೆ, ಕೈಯಿಂದ ಮಾಡಿ ನೋಡುವ ಪ್ರಯೋಗ ಎಲ್ಲವೂ ಅದರಲ್ಲಿ ಸೇರಿದ್ದವು. ಯಂತ್ರವೊಂದನ್ನೇ ಶಾಲೆಗೆ ಕಳುಹಿಸಿ ಕೈತೊಳೆದುಕೊಳ್ಳದ ಈ ವಿವೇಕ ಆ ಮೇಲಿನ ಎಷ್ಟು ಯೋಜನೆಗಳಲ್ಲಿ ಕಂಡುಬಂದಿದೆ?

ಫಲವೇನಾಯಿತೆಂದು ಅಂದೇ ಅಳೆದು ನೋಡಿದರು. ಮಕ್ಕಳ ಭಾಷಾಸಾಮರ್ಥ್ಯ ಹೆಚ್ಚಿತ್ತು, ಹೊಸ ವಿಷಯ ತಿಳಿಯುವ ಕುತೂಹಲ ಬೆಳೆದಿತ್ತು. ಆದರೆ ಶಾಲೆಗೆ ಸೇರುವವರ ಸಂಖ್ಯೆ ಏರಲಿಲ್ಲ, ಬಿಡುವವರ ಸಂಖ್ಯೆ ಇಳಿಯಲಿಲ್ಲ. ಮಗುವನ್ನು ಹೊಲಕ್ಕೋ ದನ ಕಾಯಲಿಕ್ಕೋ ಕಳುಹಿಸುವ ಬಡತನಕ್ಕೆ ಟೆಲಿವಿಷನ್ ಮದ್ದಲ್ಲವಷ್ಟೆ.

1976ರ ಜುಲೈ 31ಕ್ಕೆ ಒಪ್ಪಂದದ ವರ್ಷ ತುಂಬಿತು. ಎರವಲು ತಂದ ಉಪಗ್ರಹ, ಒಡೆಯರಿಗೆ ಒಪ್ಪಿಸಬೇಕಾಯಿತು. ತಂತಿಬಲೆಯ ಬೋಗುಣಿಗಳು ಆಕಾಶಕ್ಕೆ ಮುಖಮಾಡಿಕೊಂಡೇ ಇದ್ದವು; ಹಿಡಿಯಲು ಏನೂ ಇರಲಿಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರಕೇಂದ್ರವೊಂದು ಬಂದು, ಅದರ ವ್ಯಾಪ್ತಿಯ ಹಳ್ಳಿಗಳಿಗೆ ಮಟ್ಟಿಗೆ ಚಿತ್ರ ಮರಳಿತು. ವ್ಯಾಪ್ತಿಯ ಆಚೆಗಿದ್ದ ಹಳ್ಳಿಗಳು ಮೊದಲಿನಂತಾದವು. ಭಾರತದ್ದೇ ಆದ ಇನ್ಸಾಟ್-1ಬಿ 1983ರಲ್ಲಿ ಮೇಲೇರಿದಾಗ ಶಾಲಾ ಪ್ರಸಾರಕ್ಕೆ ಮತ್ತೆ ಆರು ರಾಜ್ಯಗಳನ್ನು ಆರಿಸಿದರು. ಹಿಂದಿ, ಮರಾಠಿ, ಗುಜರಾತಿ, ಒಡಿಯಾ, ತೆಲುಗು ಭಾಷೆಗಳಿಗೆ ಅದರಲ್ಲಿ ಎಡೆಯಿದ್ದಿತು. ಪಟ್ಟಿಯಲ್ಲಿ ಕರ್ನಾಟಕವಿರಲಿಲ್ಲ. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸಾಟ್ ಹಾರಿದ ಮೇಲೆ ಪ್ರಾಥಮಿಕ ಶಾಲೆಗಳಿಗೆ ಉಪಗ್ರಹ ಪಾಠದ ಪ್ರಯೋಗ ಕರ್ನಾಟಕಕ್ಕೆ ಮರಳಿ ಬಂದಿತು; ಆದರೆ ಈ ಬಾರಿ ರಾಜ್ಯದ ಇನ್ನೊಂದು ತುದಿಗೆ, ಚಾಮರಾಜನಗರ ಜಿಲ್ಲೆಗೆ. 1975ರಲ್ಲಿ ಮೊದಲ ಪಾಠ ನೋಡಿದ್ದ ಮಕ್ಕಳು ಅಷ್ಟರಲ್ಲಿ ನಲವತ್ತರ ಆಸುಪಾಸಿನವರಾಗಿದ್ದರು.